ದೊಡ್ಡ ಡ್ರೋನಿನ ಕೋರ್ಸೂ ಅಪ್ಪಯ್ಯನ ಪಾಯಸವೂ

ಅಣ್ಣ ರಜೆಯಲ್ಲಿ ಮನೆಗೆ ಬಂದ ಎಂದರೆ ಯಾರಾದರೊಬ್ಬರು ಮದುವೆಯ ವಿಡಿಯೊ ತೆಗೆದುಕೊಡು ಎಂದು ಕೇಳಿಯೇ ಕೇಳುತ್ತಾರೆ. ಈ ಸಲ ಕೇಳಿದವರು ಅಮ್ಮನ ತಮ್ಮ ವಿಶ್ವನಾಥ ಮಾವ. ಅಣ್ಣ ಹೌರಾ ಸ್ಟೇಷನ್ನಿನಿಂದ ಬಂದು ಇನ್ನೂ ಬೂಟು ಬಿಚ್ಚಿರಲಿಲ್ಲ. ಜೋಕಾದ ಕಡೆ ಒಂದು ಮದುವೆ, ಊಟದ ಕಂಟ್ರಾಕ್ಟು ನಮ್ಮದು, ಮೇಲಿಂದ ನಾಲ್ಕು ಸುತ್ತು ಡ್ರೋನ್ ಹಾರಿಸಿ ಚಿತ್ರ ತೆಗೆದುಕೊಟ್ಟರೆ ಪಾರ್ಟಿಗೆ ಖುಷಿಯಾಗುತ್ತದೆ ಎಂದರು. ಕೇಳಲು ಬಂದದ್ದೂ ಅಲ್ಲ, ಆಗಲೇ ಮಾತು ಕೊಟ್ಟು ಬಂದಿದ್ದರು.

ಅಣ್ಣ, ಅಂದರೆ ರವಿರಾಜ, ಸೈನ್ಯದಲ್ಲಿ ಡ್ರೋನ್ ಹಾರಿಸುತ್ತಾನೆ. ಊರೊಳಗೆ ಹಾಗೆಲ್ಲ ಹಾರಿಸುವಂತಿಲ್ಲ, ಅನುಮತಿ ಬೇಕು, ಅದರಲ್ಲೂ ತಾನು ಕೈ ಹಾಕಿದರೆ ಕೆಲಸಕ್ಕೇ ಸಂಚಕಾರ ಎಂದು ಬೂಟಿನ ದಾರ ಎಳೆಯುತ್ತ ಹೇಳಿದ.

"ಈ ಕೇರಿಯ ಪಿಳ್ಳೆಗಳೆಲ್ಲ ಹಾರಿಸ್ತಾವೆ ಮಾರಾಯ. ನೀನು ಮಿಲಿಟರಿಯವ, ನಿನ್ನನ್ನು ಯಾರು ಕೇಳುದು?" ಎಂದರು ಮಾವ.

ಅಣ್ಣ ನಕ್ಕ. ಅವನ ಈ ನಗುವನ್ನು ಕಂಡರೆ ನನಗೆ ಮೈ ಉರಿಯುತ್ತದೆ. ಆಗುವುದಿಲ್ಲ ಎಂದು ಒಂದು ಸಲ ಗಟ್ಟಿಯಾಗಿ ಹೇಳಿದ್ದರೆ ಮಾವ ಅಲ್ಲಿಗೇ ಬಿಡುತ್ತಿದ್ದರು. ನಕ್ಕದ್ದರಿಂದ ಆ ವಾರವಿಡೀ ದಿನಾ ಬಂದು ಕೇಳಿದರು.

ನಮ್ಮದು ಕಾಳಿಘಾಟಿನ ಹತ್ತಿರ ಗಲ್ಲಿಯೊಳಗೆ ಒಂದು ಸಣ್ಣ ಉಡುಪಿ ಹೋಟೆಲು. ಕೆಳಗೆ ಹೋಟೆಲು, ಮೇಲೆ ಮನೆ. ಅಪ್ಪಯ್ಯ ಮುರಾರಿ ರಾಯರು ಗಲ್ಲಾದಲ್ಲಿ ಕೂರುತ್ತಾರೆ, ಅಮ್ಮ ವನಮಾಲಾ ಮತ್ತು ನಾನು ಒಳಗೆ. ಕಾಳಿ ಗುಡಿಗೆ ಬರುವ ನಮ್ಮ ಕಡೆಯ ಯಾತ್ರಿಗಳು, ಊರಲ್ಲಿ ನೆಲೆಸಿದ ಕನ್ನಡದವರು, ಮೆಟ್ರೊ ಇಳಿದು ಬರುವ ಬಂಗಾಳಿ ಆಫೀಸಿನವರು, ಇವರೇ ಗಿರಾಕಿಗಳು. ಎಲ್ಲರಿಗೂ ಅಣ್ಣನ ವಿಷಯ ಗೊತ್ತು, ಏಕೆಂದರೆ ಅಪ್ಪಯ್ಯ ಬಿಲ್ಲಿನ ಜೊತೆಗೆ ಅದನ್ನೂ ಕೊಡುತ್ತಾರೆ. ಮಗ ಪೈಲಟ್ ಎನ್ನುತ್ತಾರೆ. ಯಾವ ವಿಮಾನ ಎಂದು ಕೇಳಿದರೆ ಡ್ರೋನ್ ಎಂದು ಸ್ವಲ್ಪ ಸಣ್ಣ ದನಿಯಲ್ಲಿ ಹೇಳುತ್ತಾರೆ. ಕೇಳಿದವರು ಹೋ ಎಂದು ಇಡ್ಲಿಗೆ ಮರಳುತ್ತಾರೆ.

ವಿಮಾನದಲ್ಲಿ ಕೂರದ ಪೈಲಟ್ ಎಂತ ಪೈಲಟ್ ಎಂಬುದು ಇವರೆಲ್ಲರ ಪ್ರಶ್ನೆ. ಅಣ್ಣನಂತೂ ಬಾಯಿ ಬಿಡುವವನಲ್ಲ. ಎಲ್ಲಿ ಹಾರಿಸುತ್ತಾನೆ, ಏನು ನೋಡುತ್ತಾನೆ ಎಂಬುದನ್ನು ಹೇಳುವಂತಿಲ್ಲ, ಸರಿ. ಆದರೆ ಹೇಳಬಹುದಾದದ್ದನ್ನೂ ಹೇಳುವುದಿಲ್ಲ. ನನಗೆ ಗೊತ್ತಾದದ್ದು ತಾರಸಿಯಲ್ಲಿ ನಾನು ಹಪ್ಪಳ ಒಣಗಿಸುವಾಗ ಅವನು ಪಕ್ಕದಲ್ಲಿ ಕೂತು ತುಂಡು ತುಂಡಾಗಿ ಹೇಳಿದ್ದು. ಮೊದಲು ಫಿರಂಗಿ ಹಾರಿಸುವ ತೋಪಿನ ದಳದಲ್ಲಿದ್ದ, ಅಲ್ಲಿಂದ ಆರಿಸಿಕೊಂಡರು. ತಿಂಗಳುಗಟ್ಟಲೆ ಬರೀ ಪರದೆಯ ಮುಂದೆ ಅಭ್ಯಾಸ. ಕಲಿಸುವವರು ಹಿಂದೆ ನಿಂತು ಒಮ್ಮೆ ಎಂಜಿನ್ ಆರಿಸುತ್ತಾರೆ, ಒಮ್ಮೆ ಕ್ಯಾಮೆರಾಕ್ಕೆ ಮಂಜು ಕವಿಸುತ್ತಾರೆ, ಒಮ್ಮೆ ಸಂಪರ್ಕವನ್ನೇ ಕತ್ತರಿಸಿ ಈಗ ಏನು ಮಾಡುತ್ತೀ ಎಂದು ಕೇಳುತ್ತಾರೆ. ಎರಡು ಸಲ ತಡವರಿಸಿದವರನ್ನು ಗಂಟುಮೂಟೆ ಕಟ್ಟಿಸಿ ವಾಪಸು ಕಳಿಸುತ್ತಾರೆ. ಪಾಸಾದ ಮೇಲೆ ಕಬ್ಬಿಣದ ಕೋಣೆಯಂಥ ಒಂದು ಡಬ್ಬಿಯೊಳಗೆ ಡ್ಯೂಟಿ. ಎರಡು ಕುರ್ಚಿ, ಒಬ್ಬ ಹಾರಿಸುವವ, ಒಬ್ಬ ಕ್ಯಾಮೆರಾ ನೋಡುವವ. ಗುಡ್ಡದ ಒಂದು ಕಾಲುದಾರಿಯನ್ನು ಗಂಟೆಗಟ್ಟಲೆ ನೋಡುತ್ತ ಕೂರಬೇಕು. ಹೇಸರಗತ್ತೆ ಹೋದರೆ ಅದೇ ಆ ದಿನದ ಸುದ್ದಿ. ಹೊರಗೆ ಬಂದಾಗ ಬಿಸಿಲಿಗೆ ಕಣ್ಣಲ್ಲಿ ನೀರು. ಅವನ ಹಳೆಯ ದಳದವರು ಸಿಕ್ಕಿದಾಗೆಲ್ಲ ಕುರ್ಚಿ ಪಲ್ಟನ್ ಬಂತು ಎಂದು ಗೇಲಿ ಮಾಡುತ್ತಾರಂತೆ. ಅದಕ್ಕೂ ನಕ್ಕಿರುತ್ತಾನೆ, ನನಗೆ ಗೊತ್ತು.

ಈ ಸಲ ರಜೆ ಮುಗಿಸಿ ಅವನು ನೇರ ದೊಡ್ಡ ಡ್ರೋನಿನ ಕೋರ್ಸಿಗೆ ಹೋಗುವುದಿತ್ತು. ಇಡೀ ದಿನ ಇಳಿಯದೆ ಆಕಾಶದಲ್ಲೇ ಇರುವಂಥದ್ದು. ಸೀಟು ಸಿಗುವುದೇ ಕಷ್ಟ. ಅವನಿಗೆ ಸಿಕ್ಕಿದೆ, ಆದರೆ ಈ ಸಲ ತಪ್ಪಿದರೆ ವಯಸ್ಸು ಮೀರುತ್ತದೆ, ಮತ್ತೆ ತೋಪಿನ ದಳಕ್ಕೇ ಹೋಗಬೇಕು. ಅಲ್ಲಿಗೆ ತಲುಪಿದ ಬೆಳಿಗ್ಗೆಯೇ ಮೆಡಿಕಲ್. ಕಣ್ಣು, ಕಿವಿ, ರಕ್ತ, ಮೂತ್ರ ಎಲ್ಲ ನೋಡುತ್ತಾರೆ.

ಬಂದ ಮರುದಿನ ಅವನು ಅಡಿಗೆಮನೆಯ ಬಾಗಿಲಲ್ಲಿ ನಿಂತು, ತನ್ನ ಪಾತ್ರೆಗೆ ಗಸಗಸೆ ಬೀಳಬಾರದು ಎಂದ. ಹೋದ ವರ್ಷ ಬಾಂಕುಡಾ ಕಡೆಯ ಒಬ್ಬ ಹುಡುಗ ಮನೆಯಲ್ಲಿ ತಾಯಿ ಮಾಡಿದ ಆಲೂ ಪೋಸ್ತೊ, ಅಂದರೆ ಗಸಗಸೆ ಅರೆದು ಹಾಕಿದ ಆಲೂಗಡ್ಡೆ ಪಲ್ಯ, ತಿಂದು ಇದೇ ಮೆಡಿಕಲ್‌ಗೆ ಹೋಗಿದ್ದನಂತೆ. ಗಸಗಸೆ ಅಫೀಮಿನ ಗಿಡದ್ದೇ ಬೀಜವಲ್ಲವೇ, ತಿಂದವನಿಗೆ ಅಮಲೇನೂ ಇಲ್ಲ, ಮೂತ್ರದಲ್ಲಿ ಮಾತ್ರ ಒಂದೆರಡು ದಿನ ಅದರ ಗುರುತು ನಿಲ್ಲುತ್ತದೆ. ಹುಡುಗನನ್ನು ವಿಚಾರಣೆಗೆ ಕೂರಿಸಿದರು. ಅವನ ತಪ್ಪಿಲ್ಲ ಎಂದು ಕೊನೆಗೆ ತೀರ್ಮಾನವಾಯಿತು. ಅಷ್ಟರಲ್ಲಿ ಕೋರ್ಸು ಮುಗಿದಿತ್ತು.

ಅಮ್ಮ ಆಯಿತು ಎಂದಳು. ನಾನೂ ಆಯಿತು ಎಂದೆ. ಆದರೆ ನಮ್ಮ ಮನೆಯಲ್ಲಿ ಗಸಗಸೆಯನ್ನು ತಪ್ಪಿಸುವುದು ಎಂದರೆ ಮಾತಿನಷ್ಟು ಸುಲಭವಲ್ಲ. ಸಾಗುವಿಗೆ, ಕುರ್ಮಾಕ್ಕೆ ಕಾಯಿಯ ಜೊತೆ ಗಸಗಸೆ ಹಾಕಿ ರುಬ್ಬಿದ ಬಿಳಿ ಮಸಾಲೆ ಹೋಟೆಲಿನಲ್ಲಿ ಬೆಳಿಗ್ಗೆಯೇ ತಯಾರಾಗುತ್ತದೆ, ಅದರಲ್ಲೇ ಎಲ್ಲ ಮೇಲೋಗರ. ಅಣ್ಣನಿಗಾಗಿ ನಾನು ಮೇಲೆ ಮನೆಯ ಮಿಕ್ಸಿಯಲ್ಲಿ ಬೇರೆಯೇ ರುಬ್ಬಿದೆ. ಪಕ್ಕದ ಮನೆಯ ಬಂಗಾಳಿ ಚಿಕ್ಕಮ್ಮ, ನಮಗೆಲ್ಲ ಕಾಕಿಮಾ, ರವಿ ಬಂದಿದ್ದಾನಲ್ಲ ಎಂದು ಡಬ್ಬಿ ತುಂಬ ಆಲೂ ಪೋಸ್ತೊ ತಂದುಕೊಟ್ಟರು. ಚಿಕ್ಕವನಿದ್ದಾಗಿನಿಂದ ಅವನಿಗೆ ಅದೆಂದರೆ ಪ್ರಾಣ. ಅವರು ಬಾಗಿಲಲ್ಲಿ ನಿಂತು ತಿನ್ನುವುದನ್ನು ನೋಡಿಯೇ ಹೋಗುತ್ತೇನೆ ಎಂದರು. ಅವನಿಗೆ ಹೊಟ್ಟೆ ಕೆಟ್ಟಿದೆ ಎಂದು ನಾನು ಸುಳ್ಳು ಹೇಳಿದೆ. ಸಂಜೆ ಅವರು ಹೊಟ್ಟೆಗೆಂದು ಗಂಧಾಲ್ ಎಲೆಯ ಸಾರು ತಂದರು. ಅದರ ವಾಸನೆಗೆ ಅಣ್ಣನಿಗೆ ನಿಜವಾಗಿಯೂ ಹೊಟ್ಟೆ ಕೆಟ್ಟಿತು.

ಇಷ್ಟೆಲ್ಲ ಸಹಿಸಬಹುದಿತ್ತು. ಅಪ್ಪಯ್ಯನದೇ ತೊಂದರೆ.

ನಮ್ಮ ಮನೆಯಿಂದ ಯಾರು ದೂರ ಹೊರಟರೂ ಹೊರಡುವ ದಿನದ ಊಟಕ್ಕೆ ಗಸಗಸೆ ಪಾಯಸ. ಅಜ್ಜ ಅಪ್ಪಯ್ಯನನ್ನು ಈ ಊರಿಗೆ ಕಳಿಸುವಾಗ ತಮ್ಮ ಕೈಯಾರೆ ಮಾಡಿ ಬಡಿಸಿದ್ದರಂತೆ. ರೈಲಿನಲ್ಲಿ ಒಳ್ಳೆಯ ನಿದ್ದೆ ಬರುತ್ತದೆ, ಹೋದ ಕೆಲಸ ಆಗುತ್ತದೆ ಎಂದು ನಂಬಿಕೆ. ಅಪ್ಪಯ್ಯ ಉಳಿದ ದಿನ ಸೌಟು ಮುಟ್ಟದಿದ್ದರೂ ಇದೊಂದನ್ನು ತಾವೇ ಮಾಡಬೇಕು. ಊರಿನ ಕನ್ನಡದವರ ಮದುವೆ ಮುಂಜಿಗಳಲ್ಲಿ ಮುರಾರಿ ರಾಯರ ಗಸಗಸೆ ಪಾಯಸ ಎಂದು ಹೆಸರು ಹಿಡಿದೇ ಕೇಳುತ್ತಾರೆ.

ಅಮ್ಮ ಅವರಿಗೆ ವಿಷಯ ತಿಳಿಸಿದಾಗ ನಾನು ಅಲ್ಲೇ ತರಕಾರಿ ಹೆಚ್ಚುತ್ತಿದ್ದೆ. ಅಪ್ಪಯ್ಯ ಎದ್ದು ನಿಂತುಬಿಟ್ಟರು.

"ಅಂದರೆ ನನ್ನ ಪಾಯಸ ಅಮಲು ಅಂತ ನಾನೇ ಹೇಳ್ಬೇಕಾ? ನಾಳೆ ಯಾರು ನನ್ನತ್ರ ಮಾಡಿಸ್ತಾರೆ?"

ಅಮಲಲ್ಲ, ಬರೀ ಗುರುತು ಎಂದು ಅಮ್ಮ ಹೇಳಿ ನೋಡಿದಳು. ತಮ್ಮ ಅಪ್ಪ, ತಮ್ಮ ಅಜ್ಜ ಎಲ್ಲ ತಿಂದು ಬೆಳೆದದ್ದು, ಕುರ್ಚಿಯಲ್ಲಿ ಕೂತು ಗುಂಡಿ ಒತ್ತುವವನಿಗೆ ಒಂದು ಸೌಟು ಪಾಯಸ ಆಗದಿದ್ದರೆ ಆ ಕೆಲಸವೇ ಬೇಡ ಎಂದರು ಅಪ್ಪಯ್ಯ. ಆಮೇಲೆ ಸ್ವಲ್ಪ ಇಳಿದು, ನೋಡುವಾ ಎಂದರು. ಅಮ್ಮ ಅದನ್ನು ಒಪ್ಪಿಗೆ ಎಂದು ತಿಳಿದಳು. ನಾನು ತಿಳಿಯಲಿಲ್ಲ. ಅಪ್ಪಯ್ಯ ನೋಡುವಾ ಎಂದರೆ ನೀವು ಮಾತು ನಿಲ್ಲಿಸಿ ಎಂದು ಅರ್ಥ.

ಶನಿವಾರ ಸಂಜೆ ಅಣ್ಣನ ರೈಲು. ಮಧ್ಯಾಹ್ನ ಹೋಟೆಲಿಗೆ ರಜೆ ಹಾಕಿ ಪರಿಚಯದವರನ್ನೆಲ್ಲ ಊಟಕ್ಕೆ ಕರೆದಿದ್ದರು. ಬೆಳಿಗ್ಗೆ ನಾನು ಕೆಳಗಿಳಿದಾಗ ದೊಡ್ಡ ಬೋಗುಣಿಯಲ್ಲಿ ಗಸಗಸೆ ನೆನೆಯುತ್ತಿತ್ತು. ಅಪ್ಪಯ್ಯ ಪಂಚೆ ಎತ್ತಿ ಕಟ್ಟಿ ಏಲಕ್ಕಿ ಸುಲಿಯುತ್ತ ಕೂತಿದ್ದರು.

ಅಮ್ಮನ ಹತ್ತಿರ ಹೋದೆ. ನಾನು ಹೇಳಿದರೆ ಅವರು ಕೇಳುತ್ತಾರಾ, ಬಂದವರಿಗೆ ಗಸಗಸೆಯದು ಇರಲಿ, ರವಿ ಮಾಣಿಗೆ ನಾನು ಶ್ಯಾವಿಗೆಯದು ಬೇರೆ ಮಾಡುತ್ತೇನೆ ಎಂದಳು. ಎಲ್ಲರೆದುರು ಅವನ ಎಲೆಗೆ ಅಪ್ಪಯ್ಯ ಬಡಿಸಿದರೆ ಏನು ಮಾಡುವುದು ಎಂದು ಕೇಳಿದೆ. ಅಮ್ಮ ಗೋಡಂಬಿ ಹುಡುಕತೊಡಗಿದಳು.

ಅಣ್ಣನನ್ನು ಎಬ್ಬಿಸಿದೆ. ನೀನೇ ಹೋಗಿ ಹೇಳು, ಬೇರೆ ಯಾರು ಹೇಳಿದರೂ ಆಗುವುದಿಲ್ಲ ಎಂದೆ. ಅವನು ಮುಖ ತೊಳೆದು, ಅಂಗಿ ಹಾಕಿಕೊಂಡು, ಸಾಹೇಬರ ಮುಂದೆ ಹೋಗುವವನ ಹಾಗೆ ತಲೆ ಬಾಚಿ ಕೆಳಗಿಳಿದ. ನಾನು ಮೆಟ್ಟಿಲ ಮೇಲೆ ಕಾದೆ. ತುಂಬ ಹೊತ್ತಾದರೂ ಬರಲಿಲ್ಲ. ಇಣುಕಿ ನೋಡಿದರೆ ಅಪ್ಪಯ್ಯನ ಪಕ್ಕದಲ್ಲಿ ಕೂತು ಪಾಯಸಕ್ಕೆ ಕಾಯಿ ತುರಿಯುತ್ತಿದ್ದಾನೆ. ಮೇಲೆ ಬಂದವನು ಕೈಯಿಂದ ಕಾಯಿಯ ಚೂರು ಕೊಡವುತ್ತ, ಹೇಳಲು ಸಂದರ್ಭ ಸಿಗಲಿಲ್ಲ ಎಂದ.

"ಸ್ವಲ್ಪ ತುಟಿಗೆ ತಾಗಿಸಿದ ಹಾಗೆ ಮಾಡ್ತೇನೆ ಪುಟ್ಟಿ. ಅವರಿಗೆ ಸಮಾಧಾನ ಆಗ್ತದೆ."

ಬಾಂಕುಡಾದ ಹುಡುಗ ಎಷ್ಟು ತಿಂದಿದ್ದ ಎಂದು ಕೇಳಿದೆ. ಅದು ಗೊತ್ತಿಲ್ಲ ಎಂದ.

ಊಟಕ್ಕೆ ಮೇಜುಗಳನ್ನು ಗೋಡೆಗೆ ಸರಿಸಿ ನೆಲದ ಮೇಲೆ ಚಾಪೆ ಹಾಸಿ ಎರಡು ಸಾಲು ಎಲೆ ಹಾಕಿದ್ದೆವು. ಅಣ್ಣ ನಡುವೆ, ಅವನ ಒಂದು ಪಕ್ಕ ವಿಶ್ವನಾಥ ಮಾವ, ಇನ್ನೊಂದು ಪಕ್ಕ ಪೂಜೆ ಮಾಡಿಸುವ ರಂಗನಾಥ ಭಟ್ಟರು. ನಾನು ಪಲ್ಯ, ಕೋಸಂಬರಿ ಬಡಿಸುತ್ತಿದ್ದೆ. ನಾಲ್ಕು ಜನ ಕೂತಲ್ಲಿ ನನಗೆ ತಲೆ ಎತ್ತಲಿಕ್ಕೇ ಆಗುವುದಿಲ್ಲ, ಎಲೆಗಳನ್ನಷ್ಟೇ ನೋಡುತ್ತ ಹೋಗುತ್ತೇನೆ. ಮಾವ ಸಾರು ಅನ್ನ ಕಲಸುತ್ತ ದೊಡ್ಡ ದನಿಯಲ್ಲಿ, ಈ ದೊಡ್ಡ ಡ್ರೋನಿಗಾದರೂ ಒಳಗೆ ಕೂರಲು ಸೀಟು ಉಂಟಾ ಎಂದು ಕೇಳಿದರು. ಎಲ್ಲರೂ ನಕ್ಕರು. ಅಣ್ಣನೂ ನಕ್ಕ.

ಅಮ್ಮ ಶ್ಯಾವಿಗೆ ಪಾಯಸವನ್ನು ಒಂದು ದೊನ್ನೆಯಲ್ಲಿ ತಂದು ಅಣ್ಣನ ಎಲೆಯ ಪಕ್ಕದಲ್ಲಿಟ್ಟಳು. ಹಿಂದೆಯೇ ಅಪ್ಪಯ್ಯ ಪಾತ್ರೆ ಹಿಡಿದು ಬಂದರು. ಶ್ಯಾವಿಗೆಯ ದೊನ್ನೆಯನ್ನು ನೋಡಿದರು. ಅದನ್ನು ಬದಿಗೆ ಸರಿಸಿ, ಬೇರೆ ದೊನ್ನೆಯಿಟ್ಟು ಗಸಗಸೆ ಪಾಯಸವನ್ನು ಅಂಚಿನವರೆಗೂ ತುಂಬಿದರು. ತುಂಬಿ ಅಲ್ಲಿಯೇ ನಿಂತರು. ಮೊದಲು ಮಾಣಿ ಕುಡಿಯಲಿ, ಮತ್ತೆ ಉಳಿದವರಿಗೆ ಎಂದು ಭಟ್ಟರಿಗೆ ಹೇಳಿದರು. ಸಾಲು ಪೂರ್ತಿ ಅಣ್ಣನ ಕಡೆ ತಿರುಗಿತು.

ಅಣ್ಣ ದೊನ್ನೆಯನ್ನು ನೋಡಿದ. ಅಪ್ಪಯ್ಯನನ್ನು ನೋಡಿದ. ಅವನ ಬಾಯಿ ತೆರೆಯಿತು, ಈಗ ಹೇಳುತ್ತಾನೆ ಎಂದುಕೊಂಡೆ. ಆ ಹಾಳು ನಗು ಬಂತು. ಬೆರಳುಗಳು ದೊನ್ನೆಯನ್ನು ಹಿಡಿದವು, ಮೊಣಕೈ ಎದ್ದಿತು. ತುಟಿಗೆ ತಾಗಿಸಿದ ಹಾಗೆ ಮಾಡುವವನ ಮುಖವಲ್ಲ ಅದು. ಪೂರ್ತಿ ಕುಡಿದು ಮುಗಿಸಿಬಿಡೋಣ ಎಂದುಕೊಂಡವನ ಮುಖ.

ನನ್ನ ಕೈಯಲ್ಲಿದ್ದ ಕೋಸಂಬರಿ ಪಾತ್ರೆಯನ್ನು ನೆಲದ ಮೇಲಿಟ್ಟೆ. ಎರಡು ಹೆಜ್ಜೆ ಹೋಗಿ ಅವನ ಕೈಯಿಂದ ದೊನ್ನೆ ಕಿತ್ತುಕೊಂಡೆ. ಎಲ್ಲಿ ಇಡುವುದು ಎಂದು ಗೊತ್ತಾಗಲಿಲ್ಲ, ಕೆಳಗಿಟ್ಟರೆ ಅಪ್ಪಯ್ಯ ಮತ್ತೆ ಎತ್ತಿ ಕೊಡುತ್ತಾರೆ. ಆದ್ದರಿಂದ ನಿಂತಲ್ಲಿಯೇ ಕುಡಿದೆ. ಬಿಸಿಯಿತ್ತು, ನಾಲಿಗೆ ಸುಟ್ಟಿತು, ಆದರೂ ಬಿಡಲಿಲ್ಲ. ಪಾಯಸ ಚೆನ್ನಾಗಿತ್ತು, ಅದನ್ನು ಹೇಳಲೇಬೇಕು.

ಬಡಿಸುವ ಕೈ ಊಟಕ್ಕೆ ಕೂತವನ ಎಲೆಯನ್ನು ಮುಟ್ಟಬಾರದು. ಎಂಜಲು. ಮುಟ್ಟಿದವಳು ಮತ್ತೆ ಯಾವ ಪಾತ್ರೆಯನ್ನೂ ಹಿಡಿಯುವಂತಿಲ್ಲ. ಅಂಥದ್ದರಲ್ಲಿ ಉಣ್ಣುವವನ ಕೈಯಿಂದಲೇ ಕಿತ್ತು, ಪಂಕ್ತಿಯ ನಡುವೆ ನಿಂತು, ಭಟ್ಟರ ಮುಂದೆ ಕುಡಿದದ್ದು. ಭಟ್ಟರ ಕೈ ಅನ್ನದಲ್ಲೇ ನಿಂತಿತು. ಅಮ್ಮ ಬಾಗಿಲಿನಲ್ಲಿ ಸೆರಗು ಬಾಯಿಗೆ ಒತ್ತಿಕೊಂಡಿದ್ದಳು.

"ಎಂತದಿದು ಶರ್ಮಿಳಾ?" ಎಂದರು ಅಪ್ಪಯ್ಯ, ತುಂಬ ನಿಧಾನವಾಗಿ.

"ಅವನಿಗೆ ಆಗುದಿಲ್ಲ ಅಂತ ಹೇಳಿ ಆಗಿದೆ," ಎಂದೆ. ಖಾಲಿ ದೊನ್ನೆ ಹಿಡಿದು ತಿರುಗಿದೆ.

ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟವಳು ಮಿಲಿಟರಿ ಡಾಕ್ಟರಾದಳು ಎಂದು ವಿಶ್ವನಾಥ ಮಾವ ಹೇಳಿದ್ದು ನಾನು ಒಳಗೆ ಹೋಗುವಾಗ ಕೇಳಿಸಿತು. ಅದಕ್ಕೂ ಯಾರೋ ನಕ್ಕರು.

ಆಮೇಲೆ ಬೈಗುಳದ ಸುರಿಮಳೆಯೇ ಆಯಿತಂತೆ. ಆಯಿತಂತೆ ಎನ್ನುವುದು ಏಕೆಂದರೆ ನಾನು ಮೇಲೆ ಹೋಗಿ ಗೋಡೆಗೆ ಒರಗಿದವಳು ಹಾಗೆಯೇ ನಿದ್ದೆ ಹೋದೆ. ಅಷ್ಟು ಪಾಯಸ ಒಟ್ಟಿಗೆ ಕುಡಿದರೆ ಇನ್ನೇನಾಗುತ್ತದೆ. ಕಣ್ಣು ಬಿಟ್ಟಾಗ ಅಣ್ಣ ಚೀಲ ಕಟ್ಟಿ ಮುಗಿಸಿ, ನನ್ನ ಎದುರಿಗೆ ಕೂತಿದ್ದ.

ನನಗೆ ಅವನ ಮೇಲೆಯೇ ಹೆಚ್ಚು ಸಿಟ್ಟಿತ್ತು. ಮಂಜು ಕವಿದಿದೆ, ಈಗ ಹಾರಿಸಲಾಗದು ಎಂದು ದೊಡ್ಡ ಅಧಿಕಾರಿಗಳಿಗೇ ಹೇಳುತ್ತಾನಂತೆ, ಅವನೇ ಹೇಳಿದ್ದು. ಅಲ್ಲಿ ಬರುವ ಮಾತು ಇಲ್ಲಿ ಏಕೆ ಬರುವುದಿಲ್ಲ ಎಂದು ಕೇಳಿದೆ.

ಅವನು ಚೀಲದ ಪಟ್ಟಿ ಎಳೆದು ನೋಡಿದ. "ಅಲ್ಲಿ ಪಕ್ಕದ ಕುರ್ಚಿಯಲ್ಲಿ ಒಬ್ಬ ಇರ್ತಾನೆ. ನಾನು ಬೇಡ ಅಂದ್ರೆ ಅವನೂ ಬೇಡ ಅಂತಾನೆ. ಇಬ್ಬರು ಹೇಳಿದ್ರೆ ಮತ್ತೆ ಯಾಕೆ ಅಂತ ಯಾರೂ ಕೇಳುದಿಲ್ಲ. ಇಲ್ಲಿ ಅಪ್ಪಯ್ಯನ ಎದುರು ಒಬ್ಬನೇ."

"ನಾನು ಸತ್ತಿದ್ದೆನಾ ಇಲ್ಲಿ?"

ಈ ಸಲ ಅವನು ನಗಲಿಲ್ಲ, ಅಷ್ಟರಮಟ್ಟಿಗೆ ನೆಮ್ಮದಿ.

ಹೌರಾಕ್ಕೆ ಅಮ್ಮ ಮತ್ತು ಮಾವ ಹೋದರು. ನನ್ನನ್ನು ಯಾರೂ ಕರೆಯಲಿಲ್ಲ, ಮುಸುರೆ ಪಾತ್ರೆಗಳೆಲ್ಲ ನನಗೇ ಉಳಿದಿದ್ದವು. ಅಪ್ಪಯ್ಯ ನನ್ನ ಜೊತೆ ಮಾತು ಬಿಟ್ಟರು. ಬೇಕಾದ್ದನ್ನು ಅಮ್ಮನಿಗೆ ಹೇಳುತ್ತಿದ್ದರು, ನಾನು ಪಕ್ಕದಲ್ಲೇ ಇದ್ದರೂ. ಶರ್ಮಿಳಾಗೆ ಹೇಳು, ಹಿಟ್ಟು ಹುಳಿ ಬಂದಿದೆ ಎಂದು. ಶರ್ಮಿಳಾಗೆ ಹೇಳು, ಚಟ್ನಿ ತೆಳ್ಳಗಾಗಿದೆ ಎಂದು. ಅಮ್ಮ ಪ್ರತಿಯೊಂದನ್ನೂ ನನ್ನ ಕಡೆ ತಿರುಗಿ ಮತ್ತೆ ಹೇಳುತ್ತಿದ್ದಳು, ನನಗೆ ಕೇಳಿಸಿಲ್ಲವೇನೋ ಎಂಬಂತೆ. ಈ ಆಟಕ್ಕೆ ಮಧ್ಯೆ ಮಾವ ಬಂದು, ರವಿ ಹೋದನಲ್ಲ, ಮದುವೆಗೆ ಬೇರೆ ಯಾರಾದರೂ ಡ್ರೋನಿನವರು ಗೊತ್ತಿದ್ದಾರಾ ಎಂದು ನನ್ನನ್ನೇ ಕೇಳಿದರು.

ಅಣ್ಣನ ಫೋನು ಬಂದದ್ದು ಆ ವಾರದ ನಡುವೆ, ಮಧ್ಯಾಹ್ನದ ಊಟದ ಗದ್ದಲದಲ್ಲಿ. ಅಪ್ಪಯ್ಯ ಗಲ್ಲಾದಲ್ಲಿ ಕೂತೇ ತೆಗೆದುಕೊಂಡರು. ಚಿಲ್ಲರೆ ಎಣಿಸಲು ಎರಡೂ ಕೈ ಬೇಕೆಂದು ಫೋನನ್ನು ಮೇಜಿನ ಮೇಲಿಟ್ಟು ಜೋರು ದನಿಗೆ ಹಾಕಿದ್ದರು. ಹಾಗಾಗಿ ಅನ್ನ ಬಡಿಸುತ್ತಿದ್ದ ನನಗೂ ಕೇಳಿಸಿತು. ಮೆಡಿಕಲ್ ಆಯಿತು, ಎಲ್ಲ ಸರಿ ಇದೆ, ಕೋರ್ಸಿಗೆ ಸೇರಿಸಿಕೊಂಡರು ಎಂದ. ನನ್ನ ಕೈಯ ಸೌಟು ತಟ್ಟೆಯ ಹೊರಗೆ ಅನ್ನ ಹಾಕಿತು.

ಅಪ್ಪಯ್ಯ ಎದ್ದರು. ಮೇಜುಗಳ ಕಡೆ ತಿರುಗಿ, ಕನ್ನಡದಲ್ಲೊಮ್ಮೆ, ಹಿಂದಿಯಲ್ಲೊಮ್ಮೆ, ಮಗ ಪಾಸಾದ ಎಂದರು. ಆಮೇಲೆ, ಗಸಗಸೆ ಪಾಯಸ ಬೇಡ ಎಂದು ಹೆದರಿಸಿದ್ದರು, ಊಟಕ್ಕೆ ಕೂತು ಅದನ್ನು ಉಂಡೇ ಹೋದ, ಏನಾಯಿತು, ಏನೂ ಆಗಲಿಲ್ಲ ಎಂದರು. ಅಷ್ಟು ಜನರ ಮುಂದೆ, ಕುಡಿದವಳು ಅನ್ನದ ಪಾತ್ರೆ ಹಿಡಿದು ಮೂರು ಮಾರು ದೂರದಲ್ಲಿ ನಿಂತಿರುವಾಗ. ಸುಳ್ಳು ಹೇಳುತ್ತಿದ್ದಾರೆ ಎಂದು ಅನ್ನಿಸಲಿಲ್ಲ. ನಾಲ್ಕು ದಿನದಲ್ಲಿ ಅವರ ಮನಸ್ಸಿನಲ್ಲಿ ಅದು ಹಾಗೆಯೇ ಆಗಿಹೋಗಿತ್ತು. ಇಂಥವರಿಗೆ ಯಾರು ಏನು ಹೇಳುವುದು.

"ಅಪ್ಪಯ್ಯ," ಎಂದಿತು ಫೋನು.

ಅದು ಇನ್ನೂ ಆನ್ ಇದೆ ಎಂಬುದನ್ನು ಅವರು ಮರೆತಿದ್ದರು.

"ನಾನು ತಿನ್ಲಿಲ್ಲ. ಒಂದು ತೊಟ್ಟೂ ಇಲ್ಲ. ಕುಡಿದದ್ದು ಶರ್ಮಿಳಾ. ಮೊನ್ನೆ ಇಲ್ಲಿ ಮೂತ್ರ ನೋಡಿದ್ದಾರೆ, ಇಬ್ಬರನ್ನು ವಾಪಸು ಕಳಿಸಿದ್ದಾರೆ. ಕುಡಿದಿದ್ರೆ ನಾನು ಮೂರನೆಯವ. ಇನ್ನು ಮುಂದೆ ನಂಗೆ ಅದು ಮಾಡ್ಬೇಡಿ. ನಾನು ಹಾರಿಸುವಷ್ಟು ವರ್ಷ ಬೇಡ."

ಹೋಟೆಲಿನಲ್ಲಿ ಕನ್ನಡ ಗೊತ್ತಿದ್ದವರು ತಟ್ಟೆ ನೋಡಿದರು, ಗೊತ್ತಿಲ್ಲದವರು ಅಪ್ಪಯ್ಯನನ್ನು ನೋಡಿದರು. ಅಪ್ಪಯ್ಯ ಗಲ್ಲಾದ ಡ್ರಾಯರ್ ಎಳೆದರು, ಮುಚ್ಚಿದರು. ಫೋನನ್ನು ಎತ್ತಿ, ಜೋರು ದನಿಯನ್ನು ಆರಿಸುವುದು ಹೇಗೆಂದು ತಿಳಿಯದೆ ಎರಡು ಸಲ ಒತ್ತಿ, ಕೊನೆಗೆ ನನ್ನ ಕಡೆ ಚಾಚಿದರು.

"ತಕೋ, ನಿನ್ನತ್ರ ಮಾತಾಡ್ತಾನಂತೆ," ಎಂದರು. ಅವನು ಹಾಗೆ ಹೇಳಿರಲಿಲ್ಲ. ಅನ್ನದ ಪಾತ್ರೆಯನ್ನು ನನ್ನ ಕೈಯಿಂದ ಇಸಿದುಕೊಂಡು ತಾವೇ ಬಡಿಸಲು ಹೋದರು.

ನಾನು ಫೋನು ಹಿಡಿದು ಹಿಂದಿನ ಗಲ್ಲಿಗೆ ಬಂದೆ. ಅಭಿನಂದನೆ ಗಿಭಿನಂದನೆ ಏನೂ ಹೇಳಲಿಲ್ಲ. ಈಗ ಹೇಳಿದ್ದನ್ನು ಅವತ್ತೇ ಹೇಳಲು ಏನಾಗಿತ್ತು ಎಂದು ಕೇಳಿದೆ.

"ಅವತ್ತು ಎದುರಿಗೇ ಇದ್ರಲ್ಲ ಪುಟ್ಟಿ," ಎಂದ ಅಣ್ಣ. "ಈಗ ಎರಡು ಸಾವಿರ ಕಿಲೊಮೀಟರ್ ದೂರ ಉಂಟು. ಇಷ್ಟು ದೂರದಿಂದ ನಂಗೆ ಅಭ್ಯಾಸ."

ಅವನು ಆ ಕಡೆ ನಗುತ್ತಿದ್ದ. ನಾನು ಫೋನು ಕತ್ತರಿಸಿ ಒಳಗೆ ಹೋದೆ.